ಕಡಜ ಕಚ್ಚಿದ ಮೇಲಿನ ಹದಿನೈದು ನಿಮಿಷ

ಮಳೆಗಾಲ ಮುಗಿದು ಮಲೆನಾಡಿನ ತೋಟಗಳಲ್ಲಿ ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಕಡಜದ ಗೂಡುಗಳೂ ಬಲಿತಿರುತ್ತವೆ. ತೊಗಟೆ, ಒಣಕಡ್ಡಿಗಳನ್ನು ಅಗಿದು ಎಂಜಲಲ್ಲಿ ಕಲಸಿ ಕಟ್ಟಿದ ಕಾಗದದಂಥ ಗೂಡು ಯಾವುದೋ ಕೊಂಬೆಯಲ್ಲೋ ಪೊದೆಯಲ್ಲೋ ಎಲೆಗಳ ಮರೆಯಲ್ಲಿ ತೂಗುತ್ತಿರುತ್ತದೆ. ಕಪ್ಪು ಹೊಟ್ಟೆಗೆ ಹಳದಿ ಪಟ್ಟಿ ಬಿಗಿದಂತೆ ಕಾಣುವ ಇನ್ನೊಂದು ಜಾತಿ ಧರೆಯ ಪೊಟರೆಯಲ್ಲಿ, ನೆಲದ ಬಿಲದಲ್ಲಿ ಮನೆ ಮಾಡುತ್ತದೆ. ಮರವೇರುವ ಕೊನೆಗೌಡನಿಗೆ ಮೊದಲನೆಯದರ ಭಯ, ದರಕು ಗುಡಿಸುವವರಿಗೆ ಎರಡನೆಯದರ ಭಯ.

ಕಚ್ಚಿದ ಕೂಡಲೇ ನಡೆಯುವುದು ಎಲ್ಲರಿಗೂ ಗೊತ್ತು. ಯಾರೋ ಕವಳದ ಸಂಚಿಯಿಂದ ಸುಣ್ಣ ತೆಗೆದು ಹಚ್ಚುತ್ತಾರೆ, ಇನ್ನಾರೋ ಈರುಳ್ಳಿ ಉಜ್ಜುತ್ತಾರೆ, ನೆರಳಲ್ಲಿ ಸ್ವಲ್ಪ ಹೊತ್ತು ಕೂರು ಅನ್ನುತ್ತಾರೆ. ಹೆಚ್ಚಿನವರಿಗೆ ಊತ, ಉರಿ ತಾನಾಗಿ ಇಳಿಯುವುದರಿಂದ ಸುಣ್ಣಕ್ಕೆ ಹೆಸರು ಬರುತ್ತದೆ. ಆದರೆ ಕೆಲವರ ಪಾಲಿಗೆ, ಕೂತು ಕಳೆದ ಆ ಸ್ವಲ್ಪ ಹೊತ್ತೇ ಪ್ರಾಣಕ್ಕೆ ಎರವಾಗುತ್ತದೆ.

ಬ್ರಿಟನ್ನಿನ ರಿಚರ್ಡ್ ಪಂಫ್ರಿ ಎಂಬ ವೈದ್ಯರು ಅಲರ್ಜಿಯಿಂದ ಸತ್ತವರ ದಾಖಲೆಗಳನ್ನು ಒಂದೊಂದಾಗಿ ಕೆದಕಿ 2000ರಲ್ಲಿ ಒಂದು ವರದಿ ಪ್ರಕಟಿಸಿದರು. ಆಹಾರದ ಅಲರ್ಜಿಯಲ್ಲಿ ಉಸಿರು ಅಥವಾ ಹೃದಯ ನಿಲ್ಲಲು ಸಾಮಾನ್ಯವಾಗಿ ಅರ್ಧ ಗಂಟೆ ಹಿಡಿದಿದ್ದರೆ, ಜೇನು-ಕಡಜಗಳ ವಿಷದಲ್ಲಿ ಹಿಡಿದದ್ದು 15 ನಿಮಿಷ. ತೋಟದಿಂದ ಟಾರು ರಸ್ತೆಗೆ ಬರಲಿಕ್ಕೇ ಅಷ್ಟು ಹೊತ್ತು ಬೇಕಾಗುವ ಊರುಗಳು ನಮ್ಮಲ್ಲಿ ಎಷ್ಟಿಲ್ಲ!

ಇಲ್ಲಿ ಎರಡು ಬಗೆಯ ಅಪಾಯಗಳಿವೆ, ಎರಡನ್ನೂ ಒಂದೇ ಎಂದು ತಿಳಿದರೆ ಕಷ್ಟ. ಒಂದು, ವಿಷದ ಪ್ರಮಾಣದ್ದು. 2013ರಲ್ಲಿ ಚೀನಾದ ಶಾಂಕ್ಸಿ ಪ್ರಾಂತ್ಯದ ಅಂಕಾಂಗ್ ಸುತ್ತಮುತ್ತ ಕೆಲವೇ ತಿಂಗಳಲ್ಲಿ ದೈತ್ಯ ಕಡಜಗಳ ದಾಳಿಗೆ 40ಕ್ಕೂ ಹೆಚ್ಚು ಮಂದಿ ಸತ್ತರು, 1,600ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಹೊಲದಲ್ಲಿ ದುಡಿಯುತ್ತಿದ್ದ ರೈತರ ಮೈಯಲ್ಲಿ ಗುಂಡಿಗಳಂಥ ಗಾಯಗಳಾಗಿದ್ದವು, ಎಷ್ಟೋ ಮಂದಿಗೆ ಮೂತ್ರಪಿಂಡ ಕೈಕೊಟ್ಟು ಡಯಾಲಿಸಿಸ್ ಬೇಕಾಯಿತು. ಇಂಥ ದಾಳಿಗೆ ಅಲರ್ಜಿ ಇರಬೇಕೆಂದಿಲ್ಲ. ಹತ್ತಾರು ಕಡೆ ಕಚ್ಚಿಸಿಕೊಂಡವರು ಆರಾಮಾಗಿದ್ದೇನೆ ಎಂದರೂ ಆಸ್ಪತ್ರೆಗೆ ಹೋಗಲೇಬೇಕು. ಮೂತ್ರ ಕಡುಬಣ್ಣಕ್ಕೆ ತಿರುಗುವುದು ಒಂದೆರಡು ದಿನ ಕಳೆದ ಮೇಲೂ ಆಗಬಹುದು.

ಇನ್ನೊಂದು ಅಲರ್ಜಿಯದು. ಅದಕ್ಕೆ ಒಂದೇ ಒಂದು ಕೊಂಡಿ ಸಾಕು.

ಈ ವಿಚಿತ್ರ ಮೊದಲು ತಿಳಿದದ್ದು ಸಮುದ್ರದ ಮೇಲೆ ಶುರುವಾದ ಪ್ರಯೋಗವೊಂದರಿಂದ. 1901ರಲ್ಲಿ ಮೊನಾಕೊದ ರಾಜ ಒಂದನೇ ಆಲ್ಬರ್ಟ್ ತನ್ನ ಹಡಗಿನಲ್ಲಿ ಶಾರ್ಲ್ ರಿಶೆ, ಪಾಲ್ ಪೋರ್ತಿಯೆ ಎಂಬ ಫ್ರೆಂಚ್ ವಿಜ್ಞಾನಿಗಳನ್ನು ಕರೆದೊಯ್ದಿದ್ದ. ಅಂಬಲಿ ಮೀನಿನಂಥ ಕುಟುಕು ಜೀವಿಗಳ ವಿಷದ ಬೆನ್ನುಹತ್ತಿದ ಅವರು ಪ್ಯಾರಿಸ್‌ಗೆ ಮರಳಿ ಕಡಲ ಹೂವಿನ ವಿಷವನ್ನು ನಾಯಿಗಳಿಗೆ ಚುಚ್ಚಿದರು. ಚೂರುಚೂರೇ ಕೊಟ್ಟರೆ ಮೈ ಒಗ್ಗಿಕೊಂಡೀತು ಎಂಬುದು ಲೆಕ್ಕಾಚಾರ. ಆದದ್ದು ತದ್ವಿರುದ್ಧ. ಮೊದಲ ಸಲ ಏನೂ ಆಗದಿದ್ದ ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿ, ಕೆಲವು ವಾರಗಳ ನಂತರ ಅಷ್ಟೇ ಸಣ್ಣ ಪ್ರಮಾಣ ಬಿದ್ದಾಗ 25 ನಿಮಿಷದಲ್ಲಿ ಸತ್ತುಹೋಯಿತು. ರಕ್ಷಣೆಗೆ ವಿರುದ್ಧವಾದದ್ದು ಎಂಬರ್ಥದಲ್ಲಿ ರಿಶೆ ಅದನ್ನು 'ಅನಾಫಿಲಾಕ್ಸಿಸ್' ಎಂದು ಕರೆದರು. 1913ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದದ್ದು ಈ ಕೆಲಸಕ್ಕೇ.

'ನನಗೆ ಎಷ್ಟು ಸಲ ಕಚ್ಚಿಲ್ಲ, ಏನೂ ಆಗಿಲ್ಲ' ಎನ್ನುವವರಿಗೆ ನೆಪ್ಚೂನ್‌ನ ಕತೆ ಹೇಳಬೇಕು. ಹಿಂದೆ ಕಚ್ಚಿದ್ದು ಮೈಯನ್ನು ಕೆರಳಿಸಿಟ್ಟಿರಬಹುದು, ಮುಂದಿನದ್ದು ಕಿಡಿ ಹೊತ್ತಿಸಬಹುದು.

ಕಚ್ಚಿದ ಜಾಗ ಎಷ್ಟು ಊದಿತು ಎಂಬುದಕ್ಕಿಂತ ಕಚ್ಚದ ಜಾಗದಲ್ಲಿ ಏನಾಗುತ್ತಿದೆ ಎಂಬುದು ಮುಖ್ಯ. ಕಚ್ಚಿದ್ದು ಕಾಲಿಗೆ, ಆದರೆ ಎದೆ ತುಂಬ ಪಿತ್ತದ ಗಂಧೆಯಂತೆ ದದ್ದುಗಳೆದ್ದರೆ, ತುಟಿ ನಾಲಿಗೆ ದಪ್ಪಗಾದರೆ, ದನಿ ಗೊಗ್ಗರಾದರೆ, ಉಸಿರಿನಲ್ಲಿ ಸಿಳ್ಳೆ ಬಂದರೆ, ವಾಂತಿಯಾದರೆ, ಕಣ್ಣು ಕತ್ತಲೆ ಬಂದರೆ ಅದು ಅನಾಫಿಲಾಕ್ಸಿಸ್. ದದ್ದೇ ಏಳದೆ ನೇರವಾಗಿ ಕುಸಿದು ಬೀಳುವವರೂ ಇದ್ದಾರೆ. ಕೈಯೊಂದು ಮೊಣಕೈವರೆಗೆ ಊದಿಕೊಂಡು ಎರಡು ದಿನ ಹಾಗೇ ಉಳಿದರೆ ನೋಡಲು ಭಯವಾದರೂ ಅದು ಬೇರೆ ಸಂಗತಿ.

ಅನಾಫಿಲಾಕ್ಸಿಸ್‌ಗೆ ಮೊದಲ ಮದ್ದು ಒಂದೇ, ಅಡ್ರಿನಲಿನ್. ಜಾರುವ ರಕ್ತದೊತ್ತಡವನ್ನು ಎತ್ತಿ ಹಿಡಿದು, ಬಿಗಿದ ಶ್ವಾಸನಾಳವನ್ನು ಸಡಿಲಿಸಿ, ಗಂಟಲಿನ ಊತವನ್ನು ಇಳಿಸುವ ಮೂರೂ ಕೆಲಸವನ್ನು ಒಟ್ಟಿಗೆ ಮಾಡುವುದು ಅದೊಂದೇ. ವಯಸ್ಕರಿಗೆ ಅರ್ಧ ಮಿಲಿಗ್ರಾಂ, ಅಂದರೆ ಮಾಮೂಲಿ ಆಂಪೂಲ್‌ನ ಅರ್ಧ, ತೊಡೆಯ ಹೊರಬದಿಯ ಮಾಂಸಖಂಡಕ್ಕೆ. ಐದು ನಿಮಿಷದಲ್ಲಿ ಗುಣ ಕಾಣದಿದ್ದರೆ ಇನ್ನೊಮ್ಮೆ. ದುಬಾರಿ ಔಷಧವೂ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯಕ ಔಷಧಗಳ ಪಟ್ಟಿಯಲ್ಲಿದೆ. ಆದರೂ ನಮ್ಮಲ್ಲಿ ಜನ ಕೇಳುವುದು 'ಅಲರ್ಜಿ ಇಂಜೆಕ್ಷನ್', ಸಿಗುವುದು ಏವಿಲ್, ಅದರ ಜೊತೆಗೊಂದು ಸ್ಟಿರಾಯ್ಡ್. ತುರಿಕೆ ತಗ್ಗಿಸಲು ಏವಿಲ್ ಸರಿ. ಮುಚ್ಚುತ್ತಿರುವ ಗಂಟಲನ್ನು ಅದು ತೆರೆಯಲಾರದು. ಸ್ಟಿರಾಯ್ಡ್ ಕೆಲಸ ಶುರುಮಾಡಲು ಗಂಟೆಗಳೇ ಬೇಕು.

108ಕ್ಕೆ ಕರೆ ಮಾಡಿ ಕಾಯುವಾಗ ಬಿದ್ದವರನ್ನು ಎತ್ತಿ ನಿಲ್ಲಿಸುವುದು, ನಡೆಸಿಕೊಂಡು ಹೋಗುವುದು ನಮ್ಮ ಕಡೆ ಸಹಜ ಉಪಚಾರ. ಇದೊಂದನ್ನು ಮಾಡಬಾರದು. ಕುಸಿದವರು ಥಟ್ಟನೆ ಎದ್ದು ಕೂತಾಗಲೇ ಹೃದಯ ನಿಂತ ಪ್ರಕರಣಗಳನ್ನು ಪಂಫ್ರಿ ಅವರೇ ಮುಂದೆ ದಾಖಲಿಸಿದ್ದಾರೆ. ಅಂಗಾತ ಮಲಗಿಸಿ ಕಾಲು ಎತ್ತರಿಸಬೇಕು. ಉಸಿರು ಕಟ್ಟುತ್ತಿದ್ದರೆ ಮಾತ್ರ ಕಾಲು ಚಾಚಿ ಒರಗಿ ಕೂರಬಹುದು. ವಾಂತಿ ಬಂದರೆ ಮಗ್ಗುಲಿಗೆ ತಿರುಗಿಸಬೇಕು. ಸಾಗಿಸುವಾಗಲೂ ಮಲಗಿಸಿಯೇ.

ಹೆಜ್ಜೇನಿನ ರೀತಿಯೇ ಬೇರೆ. ಕಡಜದ ಕೊಂಡಿ ನುಣುಪು, ಅದು ಮತ್ತೆ ಮತ್ತೆ ಚುಚ್ಚಬಲ್ಲದು. ಜೇನಿನ ಕೊಂಡಿಗೆ ಮುಳ್ಳುಗಳಿರುವುದರಿಂದ ಅದು ವಿಷದ ಚೀಲದ ಸಮೇತ ಚರ್ಮದಲ್ಲೇ ಉಳಿದು ವಿಷ ಒತ್ತುತ್ತಲೇ ಇರುತ್ತದೆ. ಉಗುರಿನಿಂದ ಕೆರೆದು ತೆಗೆಯಬೇಕೋ ಚಿವುಟಿ ತೆಗೆಯಬೇಕೋ ಎಂಬ ಚರ್ಚೆಗೆ 1996ರ ಒಂದು ಪ್ರಯೋಗ ಉತ್ತರ ಕೊಟ್ಟಿತು: ಹೇಗಾದರೂ ಸರಿ, ಕೂಡಲೇ ತೆಗೆಯಬೇಕು. ಕೊಂಡಿಯಿಂದ ಹೊಮ್ಮುವ ಬಾಳೆಹಣ್ಣಿನಂಥ ವಾಸನೆ ಉಳಿದ ಜೇನುಗಳನ್ನು ಅಲ್ಲಿಗೇ ಕರೆಯುತ್ತದೆ. ಆದ್ದರಿಂದ ಮುಖ ಮುಚ್ಚಿಕೊಂಡು ಓಡಬೇಕು, ಮನೆಯೋ ವಾಹನವೋ ಸಿಕ್ಕರೆ ಒಳಹೊಕ್ಕು ಬಾಗಿಲು ಹಾಕಬೇಕು. ಕೆರೆಗೆ ಹಾರಿದರೆ ಅವು ನೀರಿನ ಮೇಲೆ ಕಾಯುತ್ತವೆ.

ಹಿಂದೊಮ್ಮೆ ಅಲರ್ಜಿಯಿಂದ ಕುಸಿದವರು ಬದುಕನ್ನು ಭಯದಲ್ಲೇ ಕಳೆಯಬೇಕಿಲ್ಲ. ಅಮೆರಿಕದ ವೈದ್ಯೆ ಮೇರಿ ಲವ್‌ಲೆಸ್ 1950ರ ದಶಕದಲ್ಲಿ ತಾನೇ ಕಡಜಗಳನ್ನು ಹಿಡಿದು, ವಿಷದ ಚೀಲ ಬಿಡಿಸಿ, ಅದರಿಂದಲೇ ರೋಗಿಗಳಿಗೆ ಚಿಕಿತ್ಸೆ ಕೊಟ್ಟರು. ಇಡೀ ಹುಳುವನ್ನು ಅರೆದು ತೆಗೆದ ಸಾರವೇ ಆಗ ರೂಢಿಯಲ್ಲಿತ್ತು. 1978ರಲ್ಲಿ ಜಾನ್ಸ್ ಹಾಪ್ಕಿನ್ಸ್ ತಂಡ ಎರಡನ್ನೂ ಹೋಲಿಸಿತು. ವಿಷದ ಚಿಕಿತ್ಸೆ ಪಡೆದ 18 ಮಂದಿಗೆ ಮತ್ತೆ ಹುಳು ಕಚ್ಚಿಸಿ ನೋಡಿದಾಗ ತೊಂದರೆಯಾದದ್ದು ಒಬ್ಬರಿಗೆ. ಅರೆದ ಸಾರ ಪಡೆದ 11ರಲ್ಲಿ ಏಳು ಮಂದಿಗೆ. ಮೂರರಿಂದ ಐದು ವರ್ಷ ನಡೆಯುವ ಈ ಚಿಕಿತ್ಸೆ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಒತ್ತಿದರೆ ತಾನೇ ಚುಚ್ಚುವ ಅಡ್ರಿನಲಿನ್ ಪೆನ್ನೂ ಹಾಗೆಯೇ. ಜಪಾನಿನಲ್ಲಿ ಆ ಪೆನ್ನಿಗೆ 2003ರಲ್ಲಿ ಮೊದಲು ಅನುಮತಿ ಸಿಕ್ಕಿದ್ದೇ ಜೇನು, ಕಡಜ ಕಚ್ಚಿದವರಿಗಾಗಿ.

ಅವು ನಮ್ಮಲ್ಲೂ ಸುಲಭವಾಗಿ ಸಿಗುವವರೆಗೆ ತೋಟದವರು, ಚಾರಣ ಕರೆದೊಯ್ಯುವವರು ಮಾಡಬಹುದಾದದ್ದು ಇಷ್ಟು: ಅಲರ್ಜಿ ಇರುವ ಕೆಲಸಗಾರ ಯಾರೆಂದು ತಿಳಿದುಕೊಳ್ಳುವುದು, ಆತನನ್ನು ಒಂಟಿಯಾಗಿ ಮರ ಹತ್ತಿಸದಿರುವುದು, ಕೊಯ್ಲಿನ ಹಿಂದಿನ ದಿನ ಬೆಳಗ್ಗೆ ಗೂಡುಗಳಿವೆಯೇ ಎಂದು ಸುತ್ತಿ ನೋಡುವುದು, ಮತ್ತು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಅಡ್ರಿನಲಿನ್ ಇದೆಯೇ, ಭಾನುವಾರ ಅದನ್ನು ಕೊಡುವವರು ಇರುತ್ತಾರೆಯೇ ಎಂದು ಕೇಳುವುದು.