ಕಂಡಕ್ಟರನ ಮೆಟ್ಟಿಲು, ಡ್ರೈವರನ ಷರಾಯಿ

ನಿತ್ಯವೂ ವ್ಯಾಯಾಮ ಮಾಡುವವರ ಹತ್ತಿರ ಹೃದ್ರೋಗ ಸುಳಿಯದು ಎಂಬ ನಂಬಿಕೆ ಜನಮನದಲ್ಲಿ ಎಷ್ಟು ಗಟ್ಟಿಯಾಗಿದೆ ಎಂಬುದು, 2021ರ ಅಕ್ಟೋಬರ್ 29ರಂದು, ನಿತ್ಯ ವ್ಯಾಯಾಮಕ್ಕೆ ಹೆಸರಾಗಿದ್ದ ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ಹಠಾತ್ತನೆ ನಿಧನರಾದಾಗ ಕರ್ನಾಟಕದಲ್ಲಿ ಕಂಡುಬಂದಿತು. ಹೃದಯ ತಪಾಸಣೆಗೆಂದು ಆಸ್ಪತ್ರೆಗಳಿಗೆ ಧಾವಿಸಿದವರ ಸಂಖ್ಯೆ ಒಮ್ಮೆಲೇ ಏರಿತು. ಜಿಮ್ಮೇ ಅಪಾಯಕಾರಿ ಎಂಬ ಮಾತೂ ಅದೇ ವೇಗದಲ್ಲಿ ಹಬ್ಬಿತು. ಒಬ್ಬರ ಸಾವಿನಿಂದ ಎರಡರಲ್ಲಿ ಯಾವುದೂ ಸಿದ್ಧವಾಗುವುದಿಲ್ಲ. ವ್ಯಾಯಾಮವೇ ಕಾಯುತ್ತದೆ ಎಂಬುದೂ ವ್ಯಾಯಾಮವೇ ಕೊಲ್ಲುತ್ತದೆ ಎಂಬುದೂ ಆರೋಗ್ಯವನ್ನು ಒಂದೇ ಕಾರಣಕ್ಕೆ ಕಟ್ಟಿಹಾಕುವ ಅಭ್ಯಾಸದಿಂದ ಹುಟ್ಟಿದವು. ವಿಶೇಷವೆಂದರೆ, ವ್ಯಾಯಾಮಕ್ಕೆ ವೈಜ್ಞಾನಿಕ ಮಾನ್ಯತೆ ತಂದುಕೊಟ್ಟ ಸಂಶೋಧನೆಯ ಕರ್ತೃಗಳಿಗೆ ಆ ಅಭ್ಯಾಸವಿರಲಿಲ್ಲ.

ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಹೃದಯಾಘಾತಗಳು ಹೆಚ್ಚುತ್ತಿದ್ದಾಗ, ಅವುಗಳ ಕಾರಣವನ್ನು ಜನರ ಕಸುಬುಗಳಲ್ಲಿ ಹುಡುಕಲು ಹೊರಟವರು ಜೆರ್ರಿ ಮಾರಿಸ್ ಎಂಬ ವೈದ್ಯರು. ಲಂಡನ್ನಿನ ಡಬಲ್ ಡೆಕರ್ ಬಸ್ಸು ಅವರಿಗೆ ತಾನಾಗಿ ಒದಗಿದ ಪ್ರಯೋಗಶಾಲೆಯಾಯಿತು. ಒಂದೇ ಸಂಸ್ಥೆಯ ನೌಕರರಾಗಿ, ಹೆಚ್ಚುಕಡಿಮೆ ಒಂದೇ ಬಗೆಯ ಮನೆತನಗಳಿಂದ ಬಂದು, ಒಂದೇ ಬಸ್ಸಿನಲ್ಲಿ ದುಡಿಯುತ್ತಿದ್ದ ಇಬ್ಬರಲ್ಲಿ ಡ್ರೈವರ್ ಪಾಳಿಯ ಬಹುಪಾಲು ಕುಳಿತೇ ಇರುತ್ತಿದ್ದರೆ, ಕಂಡಕ್ಟರ್ ಟಿಕೆಟ್ ಕೊಡುತ್ತ ಕೆಳಗಿನಿಂದ ಮೇಲಿನ ಅಂತಸ್ತಿಗೆ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದನು. 35ರಿಂದ 64 ವರ್ಷ ವಯಸ್ಸಿನ ಸುಮಾರು 31,000 ಸಾರಿಗೆ ನೌಕರರ ದಾಖಲೆಗಳನ್ನು ಪರಿಶೀಲಿಸಿ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ವರ್ಷವೊಂದಕ್ಕೆ ಸಾವಿರ ಡ್ರೈವರುಗಳಲ್ಲಿ 2.7 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ ಕಾಣಿಸಿಕೊಂಡರೆ ಕಂಡಕ್ಟರುಗಳಲ್ಲಿ ಆ ಪ್ರಮಾಣ 1.9 ಇತ್ತು, ಕಾಯಿಲೆ ಬಂದ ಕೂಡಲೇ ಸಾಯುವ ಸಂಭವವಂತೂ ಕಂಡಕ್ಟರುಗಳಲ್ಲಿ ಅರ್ಧಕ್ಕಿಂತ ಕಡಿಮೆಯಿತ್ತು.

ಜನಪ್ರಿಯ ಬರಹಗಳು ಸಾಮಾನ್ಯವಾಗಿ ಈ ಕಥೆಯನ್ನು ಇಲ್ಲಿಗೇ ಮುಗಿಸಿಬಿಡುತ್ತವೆ, ಆದರೆ ಸ್ವಾರಸ್ಯವಿರುವುದು ಇದರ ಮುಂದಿನ ಭಾಗದಲ್ಲಿ. ಮಾರಿಸ್ ಮತ್ತು ಸಂಗಡಿಗರು, ನೌಕರರಿಗೆ ಸಮವಸ್ತ್ರ ಹೊಲಿಸಿಕೊಡಲು ಸಾರಿಗೆ ಸಂಸ್ಥೆ ಬರೆದಿಟ್ಟಿದ್ದ ಅಳತೆಗಳನ್ನು ತೆಗೆಸಿ ನೋಡಿ, 1956ರಲ್ಲಿ ಮತ್ತೊಂದು ಪ್ರಬಂಧವನ್ನು ಪ್ರಕಟಿಸಿದರು. ಡ್ರೈವರುಗಳ ಷರಾಯಿಯ ಸೊಂಟದಳತೆ ಕಂಡಕ್ಟರುಗಳದ್ದಕ್ಕಿಂತ ದೊಡ್ಡದಾಗಿತ್ತು, ಮತ್ತು ಈ ವ್ಯತ್ಯಾಸ ವರ್ಷಗಟ್ಟಲೆ ಕುಳಿತ ಹಿರಿಯರಲ್ಲಷ್ಟೇ ಅಲ್ಲದೆ ಸೇವೆಯಲ್ಲಿದ್ದ ತೀರ ಕಿರಿಯರಲ್ಲೂ ಇತ್ತು. ಎಂದರೆ ಆಸನ ಬೊಜ್ಜನ್ನು ಬೆಳೆಸುವ ಮೊದಲೇ ಕೊಂಚ ದಪ್ಪಗಿದ್ದವರು ಆಸನದ ಕೆಲಸಕ್ಕೆ ಸೇರಿರಬಹುದು. ಮೆಟ್ಟಿಲಿನ ಖಾತೆಗೆ ಬರೆದ ಲಾಭದಲ್ಲಿ ಒಂದು ಪಾಲು ಮೊದಲೇ ಇದ್ದ ಮೈಕಟ್ಟಿಗೆ ಸಲ್ಲಬೇಕಾಗಬಹುದು. ತಮ್ಮ ಸಿದ್ಧಾಂತಕ್ಕೆ ತೊಡಕಾಗುವ ಸಾಕ್ಷ್ಯವನ್ನು ತಾವೇ ದರ್ಜಿಯ ಅಳತೆಗಳಲ್ಲಿ ಹುಡುಕಿ ತೆಗೆದ ಈ ನಿಷ್ಠುರತೆ ಇಂದಿನ ಆರೋಗ್ಯ ಪ್ರಚಾರಕರಲ್ಲಿ ಅಪರೂಪ.

ಹೀಗೆಂದು ವ್ಯಾಯಾಮದ ಮಹತ್ವವೇನೂ ಬಿದ್ದುಹೋಗಲಿಲ್ಲ. ಎಲ್ಲರೂ ಮೇಜಿನ ಮುಂದೆ ಕುಳಿತೇ ದುಡಿಯುವ ಸುಮಾರು 17,000 ಸರ್ಕಾರಿ ನೌಕರರನ್ನು ಆಯ್ದುಕೊಂಡು, ಬಿಡುವಿನ ವೇಳೆಯಲ್ಲಿ ಮಾಡುವ ದೈಹಿಕ ಶ್ರಮವನ್ನಷ್ಟೇ ಹೋಲಿಸಿದ ಮಾರಿಸರ 1973ರ ಅಧ್ಯಯನದಲ್ಲಿ, ಬಿರುಸಿನ ವ್ಯಾಯಾಮ ಮಾಡುವವರಿಗೆ ಹೃದ್ರೋಗದ ಅಪಾಯ ಉಳಿದವರ ಮೂರನೆಯ ಒಂದು ಭಾಗದಷ್ಟಿತ್ತು. ಸ್ನಾಯು ಸಂಕುಚಿಸುವಾಗ ಗ್ಲೂಕೋಸನ್ನು ಒಳಕ್ಕೆ ಸಾಗಿಸುವ ಪ್ರೊಟೀನುಗಳು ಜೀವಕೋಶದ ಹೊರಪೊರೆಗೆ ಬರುವುದರಿಂದ, ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದ ಸಕ್ಕರೆ ಬಳಕೆಯಾಗುತ್ತದೆ ಎಂಬುದೂ ಈಗ ತಿಳಿದಿದೆ. ವ್ಯಾಯಾಮ ನಿಜವಾದ ಔಷಧವೇ. ಅದನ್ನು ಸ್ವೀಕರಿಸುವ ಮೈ ಯಾವ ಸ್ಥಿತಿಯಲ್ಲಿದೆ ಎಂಬುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಒಂದು ಲಂಡನ್ನಿನ ಸರ್ಕಾರಿ ಕಚೇರಿಗಳಿಂದಲೇ ಬಂದಿತು. 1967ರಲ್ಲಿ ಆರಂಭವಾಗಿ 17,000ಕ್ಕೂ ಹೆಚ್ಚು ಪುರುಷ ನೌಕರರನ್ನು ಒಳಗೊಂಡ ವೈಟ್‌ಹಾಲ್ ಅಧ್ಯಯನದ ಅಂಕಿಅಂಶಗಳನ್ನು ಮೈಕೆಲ್ ಮಾರ್ಮಟ್ ಮತ್ತು ಸಹೋದ್ಯೋಗಿಗಳು ವಿಶ್ಲೇಷಿಸಿದಾಗ, ಹೃದ್ರೋಗದಿಂದ ಸಾಯುವ ಪ್ರಮಾಣ ಅತಿ ಮೇಲಿನ ಅಧಿಕಾರಿಗಳಿಗಿಂತ ಜವಾನರೇ ಮೊದಲಾದ ಅತಿ ಕೆಳಗಿನ ದರ್ಜೆಯವರಲ್ಲಿ ಮೂರೂವರೆ ಪಟ್ಟಿಗೂ ಮಿಗಿಲಾಗಿತ್ತು. ಕೆಳದರ್ಜೆಯವರಲ್ಲಿ ಧೂಮಪಾನ ಹೆಚ್ಚು, ಬಿಡುವಿನ ವ್ಯಾಯಾಮ ಕಡಿಮೆ ಎಂಬುದು ನಿಜವಾದರೂ, ರಕ್ತದೊತ್ತಡ ಮತ್ತು ಕೊಲೆಸ್ಟರಾಲನ್ನೂ ಸೇರಿಸಿ ಲೆಕ್ಕಹಾಕಿದರೂ ಈ ಅಂತರದ ಅರ್ಧದಷ್ಟಕ್ಕೂ ವಿವರಣೆ ಸಿಗಲಿಲ್ಲ. 1985ರಲ್ಲಿ ಮಹಿಳೆಯರನ್ನೂ ಸೇರಿಸಿಕೊಂಡು 10,308 ನೌಕರರೊಡನೆ ತೊಡಗಿದ ಎರಡನೆಯ ಅಧ್ಯಯನ, ತಾನು ಮಾಡುವ ಕೆಲಸದ ಮೇಲೆ ತನಗೆ ಹಿಡಿತವಿಲ್ಲದಿರುವುದು, ಎಂದರೆ ಯಾವುದನ್ನು ಯಾವಾಗ ಹೇಗೆ ಮಾಡಬೇಕೆಂಬುದನ್ನು ಸದಾ ಇನ್ನೊಬ್ಬರು ನಿರ್ಧರಿಸುವುದು, ಹೃದ್ರೋಗದೊಡನೆ ತಳಕುಹಾಕಿಕೊಂಡಿದೆ ಎಂದು ತೋರಿಸಿತು.

ಇನ್ನೊಂದು ಉತ್ತರ ಮೈಸೂರಿನದು. ಊರಿನವರು ಮಿಷನ್ ಆಸ್ಪತ್ರೆಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ನವಜಾತ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. 1954ರವರೆಗೆ ಅಲ್ಲಿ ಹುಟ್ಟಿ ಆಸುಪಾಸಿನಲ್ಲೇ ನೆಲೆಸಿದ್ದ 517 ಮಂದಿಯನ್ನು ಬ್ರಿಟಿಷ್ ಮತ್ತು ಭಾರತೀಯ ಸಂಶೋಧಕರು ಪರೀಕ್ಷಿಸಿ 1996ರಲ್ಲಿ ವರದಿ ಮಾಡಿದಂತೆ, ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ 11ರಷ್ಟು ಮಂದಿಗೆ ಹೃದ್ರೋಗವಿದ್ದರೆ, ಮೂರು ಕಿಲೋ ಮೀರಿ ಚೆನ್ನಾಗಿ ತೂಗಿದವರಲ್ಲಿ ಅದು ಕೇವಲ ಶೇ 3 ಇತ್ತು. ಬಸುರಿಯಾಗಿದ್ದಾಗ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆಯಿದ್ದವರ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ತಾಯಿ ಉಂಡ, ಉಣ್ಣದ ಅನ್ನದ ಲೆಕ್ಕ ಅರ್ಧ ಶತಮಾನದ ಬಳಿಕ ಮಗುವಿನ ಎದೆಯಲ್ಲಿ ಕಾಣಿಸಿಕೊಳ್ಳುತ್ತದೆ ಎಂಬ ಈ ಫಲಿತಾಂಶ, ಕನ್ನಡ ನಾಡಿನಲ್ಲಿ ನಡೆದ ವೈದ್ಯಕೀಯ ಸಂಶೋಧನೆಗಳಲ್ಲಿ ಅತ್ಯಂತ ಮಹತ್ವದವುಗಳ ಸಾಲಿಗೆ ಸೇರಿದ್ದರೂ, ಕನ್ನಡದ ಓದುಗರಿಗೆ ಅಷ್ಟಾಗಿ ಪರಿಚಿತವಲ್ಲ.

ಇದೇ ಎಳೆಗೆ ಸೇರಿದ ಒಂದು ಮೋಜಿನ ನಿದರ್ಶನವನ್ನು ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ತಮ್ಮದೇ ಚಿತ್ರದೊಡನೆ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕವನ್ನು ಸೂಚಿಸುವ ಬಿಎಂಐ ಇಬ್ಬರಲ್ಲೂ 22.3 ಇದ್ದರೂ, ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರ ಮೈಯಲ್ಲಿ ಶೇ 21.2. ಯುಡ್ಕಿನ್ ಮ್ಯಾರಥಾನ್ ಓಡುವವರು ಎಂಬುದು ಈ ಅಂತರದ ಒಂದು ಕಾರಣ. ಆದರೆ ಯಾವ ಓಟವನ್ನೂ ಓಡಿರದ ಪುಣೆ ಪ್ರಾಂತ್ಯದ ಹಸುಗೂಸುಗಳು ಸಹ, ಬ್ರಿಟನ್ನಿನ ಕೂಸುಗಳಿಗಿಂತ ತೂಕದಲ್ಲಿ ಬಹಳ ಹಗುರವಾಗಿದ್ದೂ ಚರ್ಮದಡಿಯ ಕೊಬ್ಬನ್ನು ಮಾತ್ರ ಸಾಕಷ್ಟು ಉಳಿಸಿಕೊಂಡಿರುವುದನ್ನು ಯಾಜ್ಞಿಕರ ತಂಡವೇ ಅಳೆದು ತೋರಿಸಿತ್ತು.

ಮೈಯ ಸ್ಥಿತಿಯಲ್ಲಿ ನಿದ್ರೆಗೂ ಪಾಲಿದೆ ಎಂಬುದಕ್ಕೆ ಷಿಕಾಗೊ ವಿಶ್ವವಿದ್ಯಾಲಯದ 2010ರ ಪ್ರಯೋಗವೊಂದು ಸಾಕು. ಮೈತೂಕ ಹೆಚ್ಚಿದ್ದ ಹತ್ತು ಮಂದಿಗೆ ಒಂದೇ ಮಿತಾಹಾರವನ್ನು ಕೊಟ್ಟು, ಎರಡು ವಾರ ಎಂಟೂವರೆ ಗಂಟೆ, ಮತ್ತೆರಡು ವಾರ ಐದೂವರೆ ಗಂಟೆ ಮಲಗಲು ಬಿಟ್ಟಾಗ, ಎರಡೂ ಅವಧಿಗಳಲ್ಲಿ ಸುಮಾರು ಮೂರು ಕಿಲೋ ತೂಕ ಇಳಿದರೂ, ನಿದ್ರೆಗೆಟ್ಟಾಗ ಅದರಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತ ಹೆಚ್ಚು ಕುಸಿದು, ಉಳಿದ ನಷ್ಟವನ್ನು ಸ್ನಾಯು ಮೊದಲಾದ ಕೊಬ್ಬೇತರ ಭಾಗಗಳು ಭರಿಸಿದವು. ಹತ್ತೇ ಜನರ ಪ್ರಯೋಗವಾದರೂ, ಬೆಳಗಿನ ಜಾವದ ನಿದ್ರೆಯನ್ನು ಕತ್ತರಿಸಿ ಜಿಮ್ಮಿಗೆ ಓಡುವ ನಗರವಾಸಿಗಳು ಗಮನಿಸಬೇಕಾದ ಫಲಿತಾಂಶವಿದು.

ಇಷ್ಟನ್ನೆಲ್ಲ ಒಟ್ಟುಗೂಡಿಸಿ ನೋಡುವುದಕ್ಕೆ ಸಮಗ್ರ ಸ್ವಾಸ್ಥ್ಯವೆಂಬ ಹೆಸರು ಒಪ್ಪುತ್ತದೆ. ದುರದೃಷ್ಟವಶಾತ್ ಆ ಹೆಸರನ್ನು ಮಾರುಕಟ್ಟೆ ಮೊದಲೇ ಕೊಂಡುಕೊಂಡಿದೆ. ದಿನಕ್ಕೆ 10,000 ಹೆಜ್ಜೆ ಎಂಬ ಸೂತ್ರವೂ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ, 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಉಪಕರಣವೊಂದರ ಹೆಸರಿನಿಂದ ಬಂದದ್ದು. ಅಂಥ ಸರಕುಗಳ ಪಟ್ಟಿಯಲ್ಲಿ ದರ್ಜೆ, ಬಾಡಿಗೆ, ಬಸುರಿಯ ಊಟ ಎಂಬ ಬಾಬ್ತುಗಳು ಇರುವುದಿಲ್ಲ, ಏಕೆಂದರೆ ಅವುಗಳನ್ನು ಯಾರೂ ಪೊಟ್ಟಣ ಕಟ್ಟಿ ಮಾರಲಾರರು. ಮಾರಿಸ್ ಮಾತ್ರ ಅಂಥ ಬಾಬ್ತುಗಳನ್ನೇ ಲೆಕ್ಕಕ್ಕೆ ಹಿಡಿದರು. 2009ರಲ್ಲಿ 99ನೆಯ ವಯಸ್ಸಿನಲ್ಲಿ ತೀರಿಕೊಂಡ ಅವರು, ತೊಂಬತ್ತರ ಹೊಸ್ತಿಲಲ್ಲಿ ಸಂಗಡಿಗರೊಡನೆ ಸೇರಿ, ಒಂಟಿಯಾಗಿ ಬಾಳುವ ದುಡಿಯುವ ತರುಣನೊಬ್ಬ ಆರೋಗ್ಯದಿಂದಿರಲು ಪೌಷ್ಟಿಕ ಆಹಾರ, ವಸತಿ, ವ್ಯಾಯಾಮ ಮತ್ತು ಸ್ನೇಹಿತರ ಒಡನಾಟಕ್ಕೆ ಎಷ್ಟು ಹಣ ಬೇಕೆಂದು ಲೆಕ್ಕಹಾಕಿ 2000ದಲ್ಲಿ ಪ್ರಕಟಿಸಿದರು. 1999ರ ಬೆಲೆಗಳಲ್ಲಿ ಅದು ವಾರಕ್ಕೆ ಸುಮಾರು 132 ಪೌಂಡ್ ಆಗಿತ್ತು, ಅದರಲ್ಲಿ ಶೇ 40ರಷ್ಟು ವಸತಿಗೇ ಹೋಗುತ್ತಿತ್ತು. ಆ ವರ್ಷ ಬ್ರಿಟನ್ನಿನಲ್ಲಿ ಜಾರಿಗೆ ಬಂದ ಕನಿಷ್ಠ ವೇತನಕ್ಕೆ ವಾರಕ್ಕೆ 38 ಗಂಟೆ ದುಡಿದವನ ಕೈಗೆ ಅಷ್ಟು ಹಣ ಬರುತ್ತಿರಲಿಲ್ಲ.