ಭಯದಿಂದಲೋ, ಪ್ರೀತಿಯಿಂದಲೋ? ಕ್ರೈಸ್ತ ವಿಧೇಯತೆಯ ಒಳಗುಟ್ಟು

ಉಡುಪಿ: ಕಾರ್ಕಳ ಸಮೀಪದ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕದ ವಾರ್ಷಿಕ ಮಹೋತ್ಸವಕ್ಕೆ ಪ್ರತಿ ಜನವರಿಯಲ್ಲೂ ಜಾತಿ ಮತಗಳ ಭೇದವಿಲ್ಲದೆ ಜನಸಾಗರವೇ ಹರಿದು ಬರುತ್ತದೆ. ಹರಕೆ ಹೊತ್ತವರು ಮೊಂಬತ್ತಿ ಹಚ್ಚಿ ಕೈಮುಗಿಯುತ್ತಾರೆ. ಎಲ್ಲರ ಕೈಯಲ್ಲಿರುವ ಮೊಂಬತ್ತಿಯೂ ಒಂದೇ ಬಗೆಯದು. ಆದರೆ ಅದನ್ನು ಹಚ್ಚುವ ಮನಸ್ಸು ಒಂದೇ ಅಲ್ಲ. ಕಾಯಿಲೆ ವಾಸಿಯಾದ ಸಂತೋಷದಿಂದ ಒಬ್ಬರು ಬಂದಿದ್ದರೆ, ಹರಕೆ ತಪ್ಪಿದರೆ ಮನೆಗೆ ಕೇಡಾದೀತೆಂಬ ಅಂಜಿಕೆಯಿಂದ ಇನ್ನೊಬ್ಬರು ಬಂದಿರಬಹುದು. ದೇವರ ಮಾತನ್ನು ಮನುಷ್ಯ ಏಕೆ ಪಾಲಿಸಬೇಕು, ಶಿಕ್ಷೆಯ ಭಯಕ್ಕೋ ಅಥವಾ ಪ್ರೀತಿಗೋ ಎಂಬ ಪ್ರಶ್ನೆಯನ್ನು ಕ್ರೈಸ್ತ ಧರ್ಮ ಎರಡು ಸಾವಿರ ವರ್ಷಗಳಿಂದ ಕೇಳಿಕೊಳ್ಳುತ್ತಲೇ ಬಂದಿದೆ.

ಒಂದು ಪದ, ಎರಡು ಭಾವ

ಬೈಬಲಿನ ಕನ್ನಡ ಅನುವಾದಗಳಲ್ಲಿ 'ಭಯಭಕ್ತಿ' ಎಂಬ ಪದ ಮತ್ತೆ ಮತ್ತೆ ಕಾಣಸಿಗುತ್ತದೆ. ಭಯ, ಭಕ್ತಿ ಎರಡನ್ನೂ ಒಟ್ಟಿಗೆ ಕಟ್ಟಿದ ಈ ಕನ್ನಡ ಪದ ವಿಷಯದ ತಿರುಳನ್ನೇ ಹಿಡಿದಿಟ್ಟಿದೆ. ಹಳೆಯ ಒಡಂಬಡಿಕೆಯ ಜ್ಞಾನೋಕ್ತಿಗಳ ಗ್ರಂಥವು ದೇವರ ಭಯದಿಂದಲೇ ವಿವೇಕ ಮೊದಲಾಗುತ್ತದೆ ಎನ್ನುತ್ತದೆ. ಹೊಸ ಒಡಂಬಡಿಕೆಯ ಯೋವಾನ್ನನ ಮೊದಲ ಪತ್ರವಾದರೋ ಪ್ರೀತಿ ಪೂರ್ಣವಾದಲ್ಲಿ ಭಯಕ್ಕೆ ಎಡೆಯಿಲ್ಲವೆಂದು ಸಾರುತ್ತದೆ. ಇವೆರಡೂ ಪರಸ್ಪರ ವಿರುದ್ಧವಲ್ಲವೇ?

ಹದಿಮೂರನೆಯ ಶತಮಾನದ ದೇವಶಾಸ್ತ್ರಜ್ಞ ಸಂತ ತೋಮಸ್ ಅಕ್ವಿನಾಸ್ ಈ ತೊಡಕನ್ನು ಬಿಡಿಸಿದ ರೀತಿ ಗಮನಾರ್ಹ. ಆಳಿನ ಭಯ ಒಂದು, ಮಗುವಿನ ಭಯ ಇನ್ನೊಂದು ಎಂಬುದು ಅವರ ವಿವರಣೆಯ ಸಾರ. ಆಳು ತನಗೆ ಬೀಳಬಹುದಾದ ಪೆಟ್ಟಿಗೆ ಹೆದರುತ್ತಾನೆ. ಮಗು ತಂದೆಯ ಮನಸ್ಸು ನೋಯುವುದಕ್ಕೆ, ತಂದೆಯಿಂದ ದೂರವಾಗುವುದಕ್ಕೆ ಹೆದರುತ್ತದೆ. ಪ್ರೀತಿ ಬೆಳೆದಂತೆ ಮೊದಲನೆಯ ಭಯ ಕರಗುತ್ತದೆ. ಎರಡನೆಯದು ಪ್ರೀತಿಯ ಇನ್ನೊಂದು ಮುಖವಾಗಿ ಉಳಿಯುತ್ತದೆ.

ಹಸಿವಿನಿಂದ ಮರಳಿದ ಮಗ

ಲೂಕನ ಶುಭಸಂದೇಶದ 15ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮ್ಯವೊಂದಿದೆ. ಆಸ್ತಿಯ ಪಾಲು ಪಡೆದು ಹೋದ ಕಿರಿಯ ಮಗ ಎಲ್ಲವನ್ನೂ ಕಳೆದುಕೊಂಡು ಮನೆಗೆ ಮರಳುತ್ತಾನೆ. ಅವನನ್ನು ಮೊದಲು ಎಬ್ಬಿಸಿದ್ದು ತಂದೆಯ ಮೇಲಿನ ಪ್ರೀತಿಯಲ್ಲ, ಹೊಟ್ಟೆಯ ಹಸಿವು. ಆದರೂ ತಂದೆ ಓಡಿಬಂದು ಅವನನ್ನು ಅಪ್ಪಿಕೊಳ್ಳುತ್ತಾನೆ. ಮನೆಯಲ್ಲೇ ಇದ್ದು ಒಂದು ಮಾತನ್ನೂ ಮೀರದ ಹಿರಿಯ ಮಗನಾದರೋ ಕೋಪಗೊಂಡು ಹೊರಗೇ ನಿಲ್ಲುತ್ತಾನೆ. ಅವನು ವಿಧೇಯನೇನೋ ಹೌದು. ಆದರೆ ಆ ವಿಧೇಯತೆ ಕೂಲಿಯ ಲೆಕ್ಕದ್ದು. ತಪ್ಪು ಮಾಡದವನೂ ತಂದೆಯಿಂದ ದೂರವಿರಬಲ್ಲ ಎಂಬುದೇ ಈ ಕಥೆಯ ಎಚ್ಚರಿಕೆ.

ಕಥೊಲಿಕ ಸಭೆಯ ಪಾಪನಿವೇದನೆಯ ಬೋಧನೆಯಲ್ಲೂ ಇದೇ ವಿವೇಕವಿದೆ. ನರಕದ ಭಯದಿಂದ ಹುಟ್ಟಿದ ಪಶ್ಚಾತ್ತಾಪ ಅಪೂರ್ಣವಾದರೂ ಅದು ದೇವರ ವರವೇ, ಅದು ಮನುಷ್ಯನನ್ನು ಕ್ಷಮೆಯ ಸಂಸ್ಕಾರದತ್ತ ಕರೆದೊಯ್ಯಬಲ್ಲದು ಎಂದು ಟ್ರೆಂಟ್ ಮಹಾಸಭೆ 1551ರಲ್ಲಿ ಸ್ಪಷ್ಟಪಡಿಸಿತು. ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪಶ್ಚಾತ್ತಾಪವೇ ಪೂರ್ಣವಾದದ್ದು. ಅಂದರೆ ಭಯ ಬಾಗಿಲ ಹೊಸ್ತಿಲು, ವಾಸಿಸಬೇಕಾದದ್ದು ಮನೆಯೊಳಗೆ.

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಕರಾವಳಿಯಲ್ಲಿ ಪ್ರಾಟೆಸ್ಟೆಂಟ್ ಪರಂಪರೆಯನ್ನು ಬೆಳೆಸಿತು. ಮಾರ್ಟಿನ್ ಲೂಥರ್ 1529ರ ತಮ್ಮ ಕಿರು ಧರ್ಮಬೋಧೆಯಲ್ಲಿ ದಶಾಜ್ಞೆಗಳನ್ನು ವಿವರಿಸುವಾಗ ದೇವರ ಭಯವನ್ನೂ ಪ್ರೀತಿಯನ್ನೂ ಜೊತೆಜೊತೆಯಾಗಿಯೇ ಇಟ್ಟಿದ್ದರು. ಈ ಪರಂಪರೆಯಲ್ಲಿ ರಕ್ಷಣೆ ದೇವರ ಉಚಿತ ಕೃಪೆ. ಸತ್ಕಾರ್ಯ ಅದಕ್ಕೆ ತೆರುವ ಬೆಲೆಯಲ್ಲ, ಸಲ್ಲಿಸುವ ಕೃತಜ್ಞತೆ. ಸ್ವಿಟ್ಜರ್ಲೆಂಡಿನ ವೈದ್ಯೆ ಡಾ. ಈವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಆರಂಭಿಸಿದ, ಜನರು ಮಿಷನ್ ಆಸ್ಪತ್ರೆಯೆಂದೇ ಕರೆಯುವ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ ಈ ಪರಂಪರೆಯ ಸೇವೆಗೆ ಸಾಕ್ಷಿಯಾಗಿ ನಿಂತಿದೆ.

ಲಾರೆನ್ಸರ ಉತ್ತರ

2016ರಲ್ಲಿ ಬಸಿಲಿಕದ ಗೌರವ ಪಡೆದ ಅತ್ತೂರಿನ ಪುಣ್ಯಕ್ಷೇತ್ರದ ಸಂತನ ಬದುಕೇ ಈ ವಿಚಾರಕ್ಕೆ ಕನ್ನಡಿ. ಲಾರೆನ್ಸರು ರೋಮಿನ ಧರ್ಮಸಭೆಯಲ್ಲಿ ಬಡವರಿಗೆ ದಾನ ಹಂಚುವ ಹೊಣೆ ಹೊತ್ತಿದ್ದ ಉಪಯಾಜಕರು. ಚಕ್ರವರ್ತಿ ವಲೇರಿಯನ್ನನ ಕಾಲದಲ್ಲಿ, ಕ್ರಿ.ಶ. 258ರಲ್ಲಿ, ಅವರು ರಕ್ತಸಾಕ್ಷಿಯಾದರು. ಧರ್ಮಸಭೆಯ ಸಂಪತ್ತನ್ನು ಒಪ್ಪಿಸೆಂದು ಅಧಿಕಾರಿ ಗದರಿಸಿದಾಗ ಅವರು ಬಡವರನ್ನೂ ಅಂಗವಿಕಲರನ್ನೂ ಕರೆತಂದು, ಇವರೇ ನಮ್ಮ ಸಂಪತ್ತು ಎಂದು ತೋರಿಸಿದರೆಂದು ಪರಂಪರೆ ಹೇಳುತ್ತದೆ. ಭಯವೇ ವಿಧೇಯತೆಯ ಮೂಲವಾಗಿದ್ದರೆ ಅವರು ಕಣ್ಣೆದುರಿನ ಚಕ್ರವರ್ತಿಗೆ ತಲೆಬಾಗುತ್ತಿದ್ದರು. ಭಯದಿಂದ ಬಾಗಿದವನು ಹೆಚ್ಚು ಹೆದರಿಸುವವನು ಬಂದೊಡನೆ ಅತ್ತ ಬಾಗುತ್ತಾನೆ. ಪ್ರೀತಿಸಿದವನನ್ನು ಹಾಗೆ ಕದಲಿಸಲಾಗದು.

ಯಾರೂ ನೋಡದಿರುವಾಗ

ಇದು ಕೇವಲ ದೇವಶಾಸ್ತ್ರದ ಚರ್ಚೆಯಲ್ಲ, ದಿನನಿತ್ಯದ ಸಂಸಾರದ ಮಾತೂ ಹೌದು. ಕಾಪು, ಶಿರ್ವ ಪರಿಸರದ ಕಥೊಲಿಕ ಮನೆಗಳಲ್ಲಿ ಕೊಂಕಣಿಯಲ್ಲಿ ತೇರ್ಸ್ ಎನ್ನುವ ಜಪಮಾಲೆ ಪ್ರಾರ್ಥನೆಗೆ ಮುಸ್ಸಂಜೆ ಮನೆಮಂದಿಯೆಲ್ಲ ಕೂಡುವುದು ಹಿಂದಿನಿಂದ ಬಂದ ರೂಢಿ. ತಪ್ಪಿಸಿಕೊಂಡ ಮಕ್ಕಳಿಗೆ ಹಿರಿಯರ ಗದರಿಕೆಯೂ ಇರುತ್ತದೆ. ಆದರೆ ಮಕ್ಕಳು ಓದಿಗೆಂದು ಬೆಂಗಳೂರಿಗೋ ಉದ್ಯೋಗಕ್ಕೆಂದು ಕೊಲ್ಲಿ ರಾಷ್ಟ್ರಗಳಿಗೋ ಹೋದಾಗ ಆ ಗದರಿಕೆ ಜೊತೆಗೆ ಹೋಗುವುದಿಲ್ಲ. ದೂರದೂರುಗಳಿಂದ ಮಣಿಪಾಲಕ್ಕೆ ಬಂದು ಹಾಸ್ಟೆಲುಗಳಲ್ಲಿ ಬದುಕುವ ವಿದ್ಯಾರ್ಥಿಗಳ ಸ್ಥಿತಿಯೂ ಇದೇ, ಅವರು ಯಾವ ಧರ್ಮದವರೇ ಆಗಿರಲಿ. ಕಾವಲು ಇಲ್ಲದ ಕಡೆ ಕೇವಲ ಭಯದಿಂದ ಕಲಿತ ಶಿಸ್ತು ಸಡಿಲಾಗುತ್ತದೆ. ಇಷ್ಟಪಟ್ಟು ಕಲಿತದ್ದು ಉಳಿಯುತ್ತದೆ.

ಹಾಗಾದರೆ ಪ್ರೀತಿಯಿದ್ದರೆ ಸಾಕು, ಆಜ್ಞೆ ಏಕೆ ಎಂದು ಕೇಳುವವರಿದ್ದಾರೆ. ಕ್ರೈಸ್ತ ಬೋಧನೆ ಇದನ್ನು ಒಪ್ಪುವುದಿಲ್ಲ. ಪ್ರೀತಿಯ ಗುರುತು ಆಜ್ಞಾಪಾಲನೆಯೇ ಎಂಬುದು ಯೋವಾನ್ನನ ಶುಭಸಂದೇಶದಲ್ಲಿ ಯೇಸುವಿನ ಸ್ಪಷ್ಟ ನಿಲುವು. ನೋಡಿದರೆ ಪ್ರೀತಿಯ ಬೇಡಿಕೆಯೇ ಹೆಚ್ಚಿನದು. ಭಯಪಡುವವನು ಶಿಕ್ಷೆ ತಪ್ಪುವಷ್ಟು ಮಾಡಿ ಸುಮ್ಮನಾಗುತ್ತಾನೆ. ಅಸ್ವಸ್ಥ ತಾಯಿಯ ಬಳಿ ರಾತ್ರಿಯಿಡೀ ಎಚ್ಚರವಿರುವ ಮಗಳು ಎಷ್ಟು ಮಾಡಿದರೆ ಸಾಕೆಂದು ಲೆಕ್ಕ ಹಾಕುವುದಿಲ್ಲ.

ಅಂಜಿಕೆಯಿಂದ ಹಚ್ಚಿದ ಮೊಂಬತ್ತಿಯನ್ನೂ ದೇವರು ತಿರಸ್ಕರಿಸುವುದಿಲ್ಲ, ಹಸಿವಿನಿಂದ ಬಂದ ಮಗನನ್ನು ತಂದೆ ತಿರಸ್ಕರಿಸದ ಹಾಗೆ ಎಂಬುದು ಕ್ರೈಸ್ತರ ನಂಬಿಕೆ. ಆದರೆ ಬಂದ ಮಗ ಆಳಾಗಿ ಉಳಿಯಬಾರದು, ಮಗನಾಗಿಯೇ ಬಾಳಬೇಕು ಎಂಬುದು ಆ ತಂದೆಯ ಆಸೆ.