ಹಿರೇಬೆಂಡಿಗೇರಿ ಹೊಲಕ್ಕೆ ಅಮೆರಿಕದ ಶೇ 3.8

ಶಿಗ್ಗಾವಿ ತಾಲ್ಲೂಕಿನ ಹಿರೇಬೆಂಡಿಗೇರಿಯಂಥ ಊರಿನಲ್ಲಿ ಅಪ್ಪನಿಂದ ಬಂದ ಹೊಲವನ್ನು ಅಮೆರಿಕದಲ್ಲಿ ನೆಲೆಸಿದ ಮಗ ಮಾರಿದರೆ ಭಾರತದಲ್ಲಿ ಸಾಮಾನ್ಯವಾಗಿ ತೆರಿಗೆ ಬೀಳುವುದಿಲ್ಲ. ಪುರಸಭೆಯ ಗಡಿಯಿಂದ ನಿಗದಿತ ದೂರದಾಚೆಗಿನ ಸಾಗುವಳಿ ಭೂಮಿಯನ್ನು ನಮ್ಮ ಕಾನೂನು ಬಂಡವಾಳ ಆಸ್ತಿ ಎಂದೇ ಎಣಿಸುವುದಿಲ್ಲ; ಒಂದು ಲಕ್ಷದೊಳಗಿನ ಜನಸಂಖ್ಯೆಯ ಪಟ್ಟಣವಾದರೆ ಆ ದೂರ 2 ಕಿ.ಮೀ. ಅಮೆರಿಕದ ಲೆಕ್ಕವೇ ಬೇರೆ. ಅಲ್ಲಿನ ಪೌರನಿರಲಿ, ಗ್ರೀನ್ ಕಾರ್ಡ್ ಪಡೆದವನಿರಲಿ, ಎಚ್-1ಬಿ ವೀಸಾದಲ್ಲಿ ವರ್ಷವಿಡೀ ದುಡಿಯುವವನಿರಲಿ, ಎಲ್ಲಿಂದ ಬಂದ ಆದಾಯವನ್ನೂ ಅಲ್ಲಿ ತೋರಿಸಲೇಬೇಕು. ವರಮಾನ ಹೆಚ್ಚಿದ್ದರೆ ಮಾಮೂಲಿ ತೆರಿಗೆಯ ಮೇಲೆ ಇನ್ನೂ ಶೇ 3.8 ಬೀಳುತ್ತದೆ. ಅದೇ ನಿವ್ವಳ ಹೂಡಿಕೆ ಆದಾಯ ತೆರಿಗೆ. 2010ರಲ್ಲಿ ಒಬಾಮಾ ಆಡಳಿತದ ಆರೋಗ್ಯ ಸುಧಾರಣೆಯೊಂದಿಗೆ ಹುಟ್ಟಿ 2013ರಿಂದ ಜಾರಿಯಲ್ಲಿದೆ.

ಇದರ ಲೆಕ್ಕ 8960ನೇ ಫಾರಂನಲ್ಲಿದೆ. ಬಡ್ಡಿ, ಲಾಭಾಂಶ, ಬಾಡಿಗೆ, ಆಸ್ತಿ ಮಾರಿದ ಲಾಭ ಇವನ್ನೆಲ್ಲ ಕೂಡಿಸಿ, ಅವಕ್ಕೆ ತಗುಲಿದ ಖರ್ಚು ಕಳೆದರೆ 12ನೇ ಸಾಲಿಗೆ ನಿವ್ವಳ ಹೂಡಿಕೆ ಆದಾಯ ಬರುತ್ತದೆ. 13ನೇ ಸಾಲಿಗೆ ಒಟ್ಟು ಆದಾಯ, 14ಕ್ಕೆ ಮಿತಿ: ಗಂಡ-ಹೆಂಡತಿ ಜಂಟಿಯಾಗಿ ಸಲ್ಲಿಸಿದರೆ 2,50,000 ಡಾಲರ್, ಒಂಟಿಯಾದರೆ 2,00,000. ಮಿತಿ ಮೀರಿದ ಮೊತ್ತ, ಹೂಡಿಕೆ ಆದಾಯ ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕಷ್ಟೇ ಶೇ 3.8. ದಂಪತಿಯ ಸಂಬಳ 2,30,000, ಹೊಲದ ಲಾಭ 60,000 ಎಂದುಕೊಳ್ಳೋಣ. ಒಟ್ಟು 2,90,000, ಮಿತಿ ಮೀರಿದ್ದು 40,000, ತೆರಿಗೆ 1,520 ಡಾಲರ್. ಸಂಬಳ 1,80,000 ಮಾತ್ರ ಇದ್ದಿದ್ದರೆ ಒಂದು ಸೆಂಟೂ ಇಲ್ಲ. ಹಲವರು ಎಡವುವುದು ಲಾಭ ಎಣಿಸುವಲ್ಲಿ. ಅಜ್ಜ ಕೊಂಡ ಕಾಲದ ಬೆಲೆಯನ್ನೇ ಅಸಲು ಎಂದು ಬರೆದು ಲಾಭವನ್ನು ತಾವೇ ಉಬ್ಬಿಸಿಕೊಳ್ಳುತ್ತಾರೆ. ವಾರಸಾಗಿ ಬಂದ ಆಸ್ತಿಗೆ ಅಮೆರಿಕದ ಕಾನೂನು ಒಪ್ಪುವ ಅಸಲು ಅಪ್ಪ ತೀರಿಕೊಂಡ ದಿನದ ಮಾರುಕಟ್ಟೆ ಬೆಲೆ. ಆ ದಿನಕ್ಕೆ ಹೊಂದುವ ಮೌಲ್ಯಮಾಪನ ವರದಿಯನ್ನು ಉತಾರದ ಜೊತೆಗೇ ಇಟ್ಟುಕೊಂಡವರಿಗೆ ತೆರಿಗೆ ಬಹಳಷ್ಟು ಇಳಿಯುತ್ತದೆ.

ತೆರಿಗೆಯೇ ತಪ್ಪು ಎಂಬುದು ನನ್ನ ವಾದವಲ್ಲ. ಸಂಬಳದವನ ಮೇಲೆ ಹಿರಿಯರ ಆರೋಗ್ಯ ವಿಮೆಯಾದ ಮೆಡಿಕೇರ್ ಹೆಸರಿನಲ್ಲಿ ನೌಕರನ ಶೇ 1.45, ಮಾಲೀಕನ ಶೇ 1.45, ಮಿತಿ ಮೀರಿದರೆ ಇನ್ನೊಂದು ಶೇ 0.9 ಬೀಳುತ್ತದೆ, ಕೂಡಿದರೆ 3.8. ಬೆವರಿಗೆ ಬೀಳುವ ತೆರಿಗೆ ಬಡ್ಡಿಗೂ ಬೀಳಲಿ ಎಂಬುದು ನ್ಯಾಯವೇ. ನನ್ನ ತಕರಾರು ಮಿತಿಯದು. ದರಗಳ ಸ್ಲ್ಯಾಬುಗಳನ್ನು ಬೆಲೆಯೇರಿಕೆಗೆ ತಕ್ಕಂತೆ ವರ್ಷವರ್ಷ ಸರಿಸುವ ಅಮೆರಿಕ ಈ 2,50,000ವನ್ನು 2013ರಿಂದ ಕದಲಿಸಿಲ್ಲ. ಅಷ್ಟರಲ್ಲಿ ಅಲ್ಲಿ ಬೆಲೆಗಳು ಮೂರನೇ ಒಂದು ಪಾಲಿಗೂ ಹೆಚ್ಚು ಏರಿವೆ. ಸಿರಿವಂತರಿಗೆಂದು ಎಳೆದ ಗೆರೆಯೊಳಗೆ ಇಬ್ಬರೂ ದುಡಿಯುವ ಎಂಜಿನಿಯರ್ ದಂಪತಿ ಬಂದು ನಿಂತಿದ್ದಾರೆ. ಗೋವಿನಜೋಳ ಬೆಳೆಯುವ ಹಾವೇರಿಯ ರೈತನ ಕಣ್ಣಿಗೆ ಇವರೂ ಸಿರಿವಂತರೇ ಅಲ್ಲವೇ ಎಂದು ಕೇಳಬಹುದು. ಹೌದು. ಆದರೆ ತೆರಿಗೆಯ ಗೆರೆಯನ್ನು ಆ ನೆಲದ ಬಾಡಿಗೆ, ಶಾಲೆ, ಆಸ್ಪತ್ರೆಗಳ ಖರ್ಚು ನೋಡಿ ಎಳೆಯಬೇಕೇ ಹೊರತು ಡಾಲರನ್ನು ರೂಪಾಯಿಗೆ ಗುಣಿಸಿ ಅಲ್ಲ. ನಮ್ಮಲ್ಲೂ ಸರ್ಚಾರ್ಜ್ ಶುರುವಾಗುವ 50 ಲಕ್ಷದ ಗೆರೆ 2017ರಿಂದ ಅಲ್ಲೇ ಇದೆ, ಅದೂ ಸರಿಯಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ಬಾಡಿಗೆಯ ವಿಷಯದಲ್ಲಿದೆ. ಹುಬ್ಬಳ್ಳಿಯ ಮನೆಯ ಬಾಡಿಗೆಗೆ ಭಾರತದಲ್ಲಿ ಕಟ್ಟಿದ ತೆರಿಗೆಯನ್ನು ಅಮೆರಿಕದ ಮಾಮೂಲಿ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಈ ಶೇ 3.8ರಲ್ಲಿ ಆಗದು. ಇದು ಅಲ್ಲಿನ ತೆರಿಗೆ ಸಂಹಿತೆಯ ಬೇರೆ ಅಧ್ಯಾಯದಲ್ಲಿದೆ, ವಜಾ ಸಿಗುವುದು ಮೊದಲ ಅಧ್ಯಾಯದ ತೆರಿಗೆಗೆ ಮಾತ್ರ ಎಂಬುದು ಅಲ್ಲಿನ ಇಲಾಖೆಯ ವಾದ. ಮೆಡಿಕೇರ್‌ಗೆ ಹೋಗುವ ಹಣವಲ್ಲವೇ ಎಂದರೆ, ಅದೂ ಅಲ್ಲ: ಇದು ಸೇರುವುದು ಸರ್ಕಾರದ ಸಾಮಾನ್ಯ ಬೊಕ್ಕಸಕ್ಕೆ. 1989ರ ಭಾರತ-ಅಮೆರಿಕ ತೆರಿಗೆ ಒಪ್ಪಂದ ನಮ್ಮ ಸರ್ಚಾರ್ಜನ್ನೂ ಆದಾಯ ತೆರಿಗೆಯೆಂದೇ ಹೆಸರಿಸಿ ಒಳಗೆ ತೆಗೆದುಕೊಂಡಿದೆ. ಆದರೆ ಅಮೆರಿಕ ಕೊಡುವ ವಜಾ ಅಲ್ಲಿನ ಕಾನೂನಿನ ಮಿತಿಗೆ ಒಳಪಟ್ಟದ್ದು ಎಂಬ ಮಾತೂ 25ನೇ ವಿಧಿಯಲ್ಲಿದೆ. 2023ರಲ್ಲಿ ಅಲ್ಲಿನ ನ್ಯಾಯಾಲಯವೊಂದು ಫ್ರಾನ್ಸಿನಲ್ಲಿ ನೆಲೆಸಿದ ಅಮೆರಿಕನ್ ದಂಪತಿಗೆ ಈ ವಜಾ ಸಲ್ಲುತ್ತದೆ ಎಂದದ್ದು ಫ್ರೆಂಚ್ ಒಪ್ಪಂದದಲ್ಲಿದ್ದ ಪ್ರತ್ಯೇಕ ಕಲಮಿನ ಬಲದಿಂದ. ಸರ್ಕಾರ ಮೇಲ್ಮನವಿ ಹೂಡಿತು. ಭಾರತ ಕೇಳಬೇಕಾದದ್ದೂ ಅಂಥದೇ ಕಲಮನ್ನು. ಇದಕ್ಕೆ ಅಮೆರಿಕ ತನ್ನ ತೆರಿಗೆ ಬಿಟ್ಟುಕೊಡಬೇಕಾಗಿಲ್ಲ. ಹುಬ್ಬಳ್ಳಿಯಲ್ಲಿ ಆಗಲೇ ಕಟ್ಟಿದ ರೂಪಾಯಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಸಾಕು.